ಸುಣ್ಣದ ತಿಳಿ

ನಮ್ಮ ಕಡೆ ಸುಣ್ಣವಿಲ್ಲದ ಮನೆ ಇಲ್ಲ. ಎಲೆಗೆ ಸವರಲು ಬೇಕು, ಉಗಾದಿ ಬಂದರೆ ಗೋಡೆಗೆ ಬಳಿಯಲು ಬೇಕು. ಮಕ್ಕಳಿಗೆ ಏನಾದರೂ ಕಡಿದರೂ ಹಳೆಯ ಮಂದಿಯ ಕೈ ಮೊದಲು ಹೋಗುವುದು ಸುಣ್ಣದ ಡಬ್ಬಿಗೇ. ಇಷ್ಟು ಸಲಿಗೆಯ ಈ ಬಿಳಿ ಪುಡಿಯೊಳಗೆ ಎಂಥ ವಿದ್ಯೆ ಅಡಗಿದೆ ಎಂಬುದು ನನಗೆ ತಿಳಿದದ್ದು ಓದುವಾಗ ಅಲ್ಲ, ಓದಿಸುವಾಗ. ಬಿ.ಎ.ಯಲ್ಲಿ ನಾನು ಓದಿದ್ದು ಇತಿಹಾಸ. ವಿಜ್ಞಾನದ ಮಾಸ್ತರರು ಇಲ್ಲದ ವರ್ಷಗಳಲ್ಲಿ ಆ ಪಾಠವೂ ನನ್ನ ಪಾಲಿಗೆ ಬರುತ್ತಿತ್ತು. ಸಂತೆಕಲ್ಲೂರಿನಂಥ ಊರುಗಳಲ್ಲಿ ಕೆಲಸ ಮಾಡಿದ ಶಿಕ್ಷಕಿಯರಿಗೆ ಇದು ಹೊಸ ಮಾತೇನಲ್ಲ.

ಸುಣ್ಣದ ತಿಳಿನೀರಿನ ಪ್ರಯೋಗ ಎಲ್ಲರಿಗೂ ನೆನಪಿರಬೇಕು. ಸುಣ್ಣವನ್ನು ರಾತ್ರಿ ನೀರಿನಲ್ಲಿ ಕದಡಿಟ್ಟು ಬೆಳಿಗ್ಗೆ ಮೇಲಿನ ತಿಳಿಯನ್ನು ಬಸಿದುಕೊಳ್ಳುವುದು. ಅದರೊಳಗೆ ಒಂದು ಕೊಳವೆ ಇಳಿಬಿಟ್ಟು ಬಾಯಿಂದ ಊದುವುದು. ಊದಬೇಕು, ಹೀರಬಾರದು ಎಂದು ಹತ್ತು ಸಲ ಹೇಳಬೇಕು. ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡು ಸುಣ್ಣದೊಂದಿಗೆ ಕೂಡಿ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಪಾಠ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಆದರೆ ಒಂದು ವರ್ಷ ಹಟಮಾರಿ ಹುಡುಗನೊಬ್ಬ ನಾನು ಸಾಕು ಎಂದರೂ ಬಿಡದೆ ಊದುತ್ತಲೇ ಹೋದ. ಸ್ವಲ್ಪ ಹೊತ್ತಿಗೆ ಕೂಗಿದ: "ಅಕ್ಕೋರೆ, ಹಾಲು ಮತ್ತ ನೀರಾತ್ರಿ!"

ನಿಜವೇ ಆಗಿತ್ತು. ಮೊದಲು ಹುಟ್ಟಿದ ಬಿಳಿಯ ಪುಡಿ ಕ್ಯಾಲ್ಸಿಯಂ ಕಾರ್ಬೊನೇಟು. ಸುಣ್ಣದ ಕಲ್ಲು, ಶಂಖ, ಮೊಟ್ಟೆಯ ಚಿಪ್ಪು ಎಲ್ಲವೂ ಅದೇ. ಅದು ನೀರಿನಲ್ಲಿ ಕರಗುವುದಿಲ್ಲ. ಆದರೆ ಉಸಿರಿನ ಗಾಳಿ ಇನ್ನೂ ಹೆಚ್ಚಾಗಿ ಸೇರಿದರೆ ನೀರು ಸ್ವಲ್ಪ ಹುಳಿಯಾಗಿ, ಆ ಕಲ್ಲು ಬೈಕಾರ್ಬೊನೇಟಾಗಿ ಕರಗಿಬಿಡುತ್ತದೆ. ಅದೇ ನೀರನ್ನು ಕುದಿಸಿದರೆ ಗಾಳಿ ಹಾರಿಹೋಗಿ ಬಿಳಿ ಮತ್ತೆ ತಳ ಕಟ್ಟುತ್ತದೆ. ಬೋರಿನ ನೀರು ಕಾಸುವ ಹಂಡೆಯ ತಳದಲ್ಲಿ ವರ್ಷಾನುಗಟ್ಟಲೆ ಕೂತಿರುವ ಬಿಳಿಯ ಪದರ ಇದೇ. ಗಾಳಿ ಹೆಚ್ಚಾದರೆ ಕಲ್ಲು ಕರಗುತ್ತದೆ, ಗಾಳಿ ಕಡಿಮೆಯಾದರೆ ಕಲ್ಲು ಕಟ್ಟುತ್ತದೆ. ಈ ಒಂದು ಮಾತು ಮುಂದೆ ಎರಡು ಮನೆಗಳ ಕಷ್ಟದಲ್ಲಿ ನನಗೆ ಉಪಯೋಗಕ್ಕೆ ಬಂತು. ಒಂದು ಮನೆ ಅಮೆರಿಕದಲ್ಲಿ, ಇನ್ನೊಂದು ಸಿಂಧನೂರಿನ ಕಡೆ.

ಅಮೆರಿಕದ್ದು ನಮ್ಮ ಅಕ್ಕನ ಮಗನ ಮನೆ. ನ್ಯೂಜೆರ್ಸಿಯಲ್ಲಿ ಕಂಪ್ಯೂಟರ್ ಕೆಲಸ. ಅವನಿಗೆ ಗಾಜಿನ ತೊಟ್ಟಿಯಲ್ಲಿ ಹವಳ ಸಾಕುವ ಗೀಳು. ಹವಳವೆಂದರೆ ನಮಗೆ ಗೊತ್ತಿದ್ದದ್ದು ಕೊರಳಿನ ಸರದ ಮಣಿ. ಅದನ್ನು ಕಟ್ಟುವುದು ಒಂದು ಸಣ್ಣ ಜೀವ. ಉಪ್ಪುನೀರಿನಿಂದ ಕ್ಯಾಲ್ಸಿಯಂ ಹೀರಿ ತನ್ನ ಮೈಸುತ್ತ ಸುಣ್ಣದ ಕಲ್ಲನ್ನು ಕಟ್ಟುತ್ತದೆ. ಸಮುದ್ರದಲ್ಲಿ ಕ್ಯಾಲ್ಸಿಯಮ್ಮಿಗೆ ಬರವಿಲ್ಲ. ತೊಟ್ಟಿಯಲ್ಲಿ ಹವಳ ಬೆಳೆದಂತೆಲ್ಲ ನೀರು ಬಡವಾಗುತ್ತ ಹೋಗುತ್ತದೆ. ಅದನ್ನು ತುಂಬಿಕೊಡಲು ಒಂದು ಯಂತ್ರ ಉಂಟು, ಕ್ಯಾಲ್ಸಿಯಂ ರಿಯಾಕ್ಟರ್ ಅನ್ನುತ್ತಾರೆ. ಫೋನಿನಲ್ಲಿ ತೋರಿಸಿದ. ಒಂದು ಕೊಳವೆಯ ತುಂಬ ಸತ್ತ ಹವಳದ ಚೂರುಗಳು. ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡು ಗುಳ್ಳೆ ಗುಳ್ಳೆಯಾಗಿ ಒಳಗೆ ಹೋಗುತ್ತದೆ, ಒಳಗಿನ ನೀರು ಹುಳಿಯಾಗಿ ಚೂರುಗಳು ಕರಗುತ್ತವೆ, ಕರಗಿದ ನೀರು ತೊಟ್ಟಿಕ್ಕುತ್ತ ತೊಟ್ಟಿಗೆ ಸೇರುತ್ತದೆ. ನನಗೆ ನಗು ಬಂತು. ನಮ್ಮ ಹಟಮಾರಿ ಹುಡುಗ ಊದಿದ ಎರಡನೇ ಅರ್ಧಕ್ಕೆ ಇವರು ಯಂತ್ರ ಮಾಡಿ ಮಾರುತ್ತಿದ್ದಾರೆ!

ಅವನ ಕಷ್ಟ ಪಿ.ಎಚ್.ನದು. ನೀರು ಹುಳಿಯೋ ಕ್ಷಾರವೋ ಎಂದು ಹೇಳುವ ಈ ಅಳತೆಯನ್ನು 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಎಂಬ ವಿಜ್ಞಾನಿ ಬಳಕೆಗೆ ತಂದರು. ಏಳು ಎಂದರೆ ನಡುಮಟ್ಟ, ಕೆಳಗೆ ಹುಳಿ, ಮೇಲೆ ಕ್ಷಾರ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ. ಆದ್ದರಿಂದ ದಶಮಾಂಶದ ಮುಂದಿನ ಅಂಕಿಯನ್ನು ಹಗುರಾಗಿ ನೋಡುವಂತಿಲ್ಲ. ಹವಳದ ತೊಟ್ಟಿಯಲ್ಲಿ ಅದು 8ರ ಮೇಲೆ ಸ್ವಲ್ಪ ಇದ್ದರೆ ಚೆನ್ನ. ಇವನದು ಒಮ್ಮೆ 8.3, ಒಮ್ಮೆ 7.7. ಕಡಿಮೆ ಕಂಡಾಗ ಗಾಳಿ ಇಳಿಸುತ್ತಿದ್ದ, ಹೆಚ್ಚು ಕಂಡಾಗ ಏರಿಸುತ್ತಿದ್ದ. ಐದು ವರ್ಷ ಬೆಳೆಸಿದ ಹವಳದ ಕೊಂಬೆಗಳ ತುದಿ ಸುಟ್ಟಂತೆ ಬೆಳ್ಳಗಾಗತೊಡಗಿದ್ದವು. ಮನೆಯಲ್ಲಿ ಯಾರಿಗೋ ಮೈಯಲ್ಲಿ ಹುಷಾರಿಲ್ಲ ಎನ್ನುವಂಥ ದನಿಯಲ್ಲಿ ಮಾತಾಡುತ್ತಿದ್ದ.

"ಅಂಕಿ ಇರ್ಲಿ, ಎಷ್ಟು ಗಂಟೆಗೆ ನೋಡಿದ್ದೋ ಅದನ್ನ ಹೇಳು" ಎಂದೆ.

"ಅದ್ಯಾಕ ಚಿಗವ್ವ, ಟೈಮ್ ಬರದಿಟ್ಟಿಲ್ಲ" ಎಂದ.

ಇತಿಹಾಸ ಓದಿದವರಿಗೆ ಇದೊಂದು ಚಾಳಿ. ಏನು ಎಂಬುದಕ್ಕಿಂತ ಮೊದಲು ಯಾವಾಗ, ಯಾರು ಎಂದು ಕೇಳುತ್ತೇವೆ. ನಮ್ಮ ಪಕ್ಕದ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಬಂಡೆಶಾಸನ ಕಂಡಾಗ ಅದರ ಬೆಲೆ ಇದ್ದದ್ದು ಅಲ್ಲಿಯೇ. ಅದಕ್ಕೆ ಮೊದಲು ಓದಿದ್ದ ಶಾಸನಗಳಲ್ಲಿ ಬರೀ 'ದೇವಾನಾಂಪ್ರಿಯ' ಎಂಬ ಬಿರುದು ಮಾತ್ರ ಇತ್ತು. ಮಸ್ಕಿಯ ಬಂಡೆಯಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಸಿಕ್ಕಿತು. ಹೆಸರು ಸೇರಿದ್ದರಿಂದ ಉಳಿದ ಶಾಸನಗಳ ಮಾತಿಗೂ ಒಡೆಯ ಯಾರೆಂದು ಗಟ್ಟಿಯಾಯಿತು. ನೀರಿನ ಅಂಕಿಗೆ ಗಂಟೆ ಹಾಗೆಯೇ. ಗಂಟೆಯಿಲ್ಲದ ಅಂಕಿ ಯಾರು ಹೇಳಿದರೆಂದು ಗೊತ್ತಿಲ್ಲದ ಸುದ್ದಿಯಂತೆ.

ಮೂರು ದಿನ ಗಂಟೆ ಸಮೇತ ಬರೆಯಲು ಹೇಳಿದೆ. ಗಾಳಿಯ ತಿರುಪನ್ನು ಅಲ್ಲಿಯವರೆಗೆ ಮುಟ್ಟಬಾರದು ಎಂದೂ ಹೇಳಿದೆ. ಬರೆದು ಕಳಿಸಿದ ಹಾಳೆಯಲ್ಲಿ ಸಂಗತಿ ಕಣ್ಣಿಗೆ ಹೊಡೆಯುವಂತಿತ್ತು. ದೀಪ ಆರಿಸುವ ರಾತ್ರಿಯ ಹೊತ್ತಿಗೆ ಅತಿ ಹೆಚ್ಚು, ದೀಪ ಹಚ್ಚುವ ಮುಂಜಾನೆಗೆ ಅತಿ ಕಡಿಮೆ. ಹವಳದೊಳಗೆ ಪಾಚಿಯ ಜಾತಿಯ ಸೂಕ್ಷ್ಮ ಜೀವಿಗಳು ಇರುತ್ತವೆ. ಬೆಳಕಿದ್ದಾಗ ಅವು ಗಿಡಗಳಂತೆ ಇಂಗಾಲದ ಡೈಆಕ್ಸೈಡನ್ನು ಹೀರುತ್ತವೆ, ನೀರಿನ ಹುಳಿ ಕಡಿಮೆಯಾಗುತ್ತದೆ. ಕತ್ತಲಲ್ಲಿ ಎಲ್ಲವೂ ಉಸಿರು ಬಿಡುವುದೇ, ನೀರು ಹುಳಿಯತ್ತ ವಾಲುತ್ತದೆ. ಇದು ರೋಗವಲ್ಲ, ತೊಟ್ಟಿಯ ಉಸಿರಾಟ. ಅವನು ಉಸಿರಾಟಕ್ಕೆ ಔಷಧಿ ಕೊಡುತ್ತಿದ್ದ. ದಿನಕ್ಕೆರಡು ಸಲ ತಿರುಪು ತಿರುವಿದ್ದರಿಂದ ಕರಗಿ ಬರುವ ಸುಣ್ಣದ ಪ್ರಮಾಣವೇ ಹೆಚ್ಚುಕಡಿಮೆಯಾಗಿ ಹವಳಕ್ಕೆ ಪೆಟ್ಟು ಬಿದ್ದಿತ್ತು.

ಆದರೂ ಮುಂಜಾನೆಯ 7.7 ತೀರ ಕಡಿಮೆಯೇ. ಉಳಿದದ್ದನ್ನು ಒಂದೊಂದಾಗಿ ನೋಡುತ್ತ ಹೋದ. ಮೊದಲು ಮೀಟರು. ಗೊತ್ತಿರುವ ಪಿ.ಎಚ್.ನ ದ್ರಾವಣಗಳಲ್ಲಿ ಅದ್ದಿ ಸರಿಪಡಿಸಿದಾಗ ಅದು ಒಂದು ದಶಮಾಂಶ ಕಡಿಮೆ ತೋರಿಸುತ್ತಿದ್ದದ್ದು ತಿಳಿಯಿತು. ಮೀಟರಿನ ಕಡ್ಡಿಯನ್ನು ರಿಯಾಕ್ಟರಿನ ಹುಳಿನೀರು ಬೀಳುವ ಜಾಗದ ಪಕ್ಕದಲ್ಲೇ ಇಟ್ಟಿದ್ದ, ಅದನ್ನು ದೂರಕ್ಕೆ ಸರಿಸಿದ. ಹನಿ ಬೀಳುವ ಸಣ್ಣ ನಳಿಗೆಯಲ್ಲಿ ಸುಣ್ಣ ಕಟ್ಟಿಕೊಂಡು ನೀರು ಒಮ್ಮೆ ಬೀಳುತ್ತಿತ್ತು, ಒಮ್ಮೆ ನಿಲ್ಲುತ್ತಿತ್ತು. ನೀರು ನಿಂತಾಗ ಗಾಳಿ ಮಾತ್ರ ಒಳಗೆ ಸೇರುತ್ತ ಹೋಗಿ, ಹರಿವು ಮತ್ತೆ ಶುರುವಾದ ಗಳಿಗೆಯಲ್ಲಿ ತೀರ ಹುಳಿಯಾದ ನೀರು ಒಮ್ಮೆಲೇ ತೊಟ್ಟಿಗೆ ಬರುತ್ತಿತ್ತು. ನಳಿಗೆ ತೊಳೆದ.

ಕೊನೆಯದು ಮನೆಯ ಗಾಳಿ. ಇದಕ್ಕೊಂದು ಸರಳವಾದ ಪರೀಕ್ಷೆ ಇದೆ. ತೊಟ್ಟಿಯ ನೀರನ್ನು ಒಂದು ಪಾತ್ರೆಯಲ್ಲಿ ತೆಗೆದುಕೊಂಡು ಮನೆಯ ಹೊರಗಿಟ್ಟು, ಒಂದು ಗಂಟೆ ಗಾಳಿಯಾಡಿಸಿ ಮತ್ತೆ ಅಳೆಯುವುದು. ಅಂಕಿ ಏರಿದರೆ ತಪ್ಪು ಒಳಗಿನ ಗಾಳಿಯದು. ಹಾಗೆಯೇ ಆಯಿತು. ಅಲ್ಲಿ ಚಳಿಗಾಲ, ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ನಾಲ್ಕು ಜನ, ಅಡಿಗೆಯ ಗ್ಯಾಸಿನ ಒಲೆ. ಎಲ್ಲರ ಉಸಿರೂ ಕೊನೆಗೆ ಸೇರುತ್ತಿದ್ದದ್ದು ಹವಳದ ತೊಟ್ಟಿಗೆ. ನೊರೆಯೆಬ್ಬಿಸಿ ನೀರಿನ ಕೊಳೆ ತೆಗೆಯುವ ಯಂತ್ರ ಎಳೆದುಕೊಳ್ಳುವ ಗಾಳಿಗೆ ಕಿಟಕಿಯಿಂದ ಒಂದು ಸಣ್ಣ ಪೈಪು ಜೋಡಿಸಿದ. ರಾತ್ರಿ ಹೊತ್ತು ಇನ್ನೊಂದು ಔಷಧಿಯನ್ನು ಹನಿ ಹನಿಯಾಗಿ ಬಿಡಲು ಶುರು ಮಾಡಿದ. ಅದಕ್ಕೆ ಕಾಲ್ಕ್‌ವಾಸರ್ ಅನ್ನುತ್ತಾರಂತೆ. ಜರ್ಮನ್ ಭಾಷೆಯ ಮಾತು, ಅರ್ಥ ಸುಣ್ಣದ ನೀರು. ಅದು ಹೆಚ್ಚಿನ ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಳ್ಳುತ್ತದೆ, ಕ್ಯಾಲ್ಸಿಯಮ್ಮನ್ನೂ ಕೊಡುತ್ತದೆ. ತೀರ ಕ್ಷಾರವಾದ್ದರಿಂದ ಸುರಿಯುವಂತಿಲ್ಲ, ಹನಿಸಬೇಕು. ಅಕ್ಕ ಫೋನಿನಲ್ಲಿ ನಕ್ಕದ್ದೇ ನಕ್ಕದ್ದು: "ನಮ್ಮವ್ವನ ಎಲಿ ಡಬ್ಬಿಯೊಳಗಿನ ಸುಣ್ಣಕ್ಕ ನನ್ನ ಮಗ ಡಾಲರ್ ಎಣಸ್ತಾನ ನೋಡವಾ!" ಅವನ ಅಂಕಿ ಈಗಲೂ ದಿನಾ ಏರುತ್ತದೆ, ಇಳಿಯುತ್ತದೆ, ಆದರೆ 8.0ಕ್ಕೂ 8.3ಕ್ಕೂ ನಡುವೆ.

ಹವಳ ಹೋದರೆ ಅವನಿಗೆ ದುಃಖ. ಸಿಂಧನೂರಿನ ಕಡೆಯ ಮಾತು ಹಾಗಲ್ಲ, ಅಲ್ಲಿ ಹೋಗುವುದು ಹೊಟ್ಟೆಯ ಅನ್ನ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಜೋಳದ ಎರೆಭೂಮಿ ನೆಲ್ಲಿನ ಗದ್ದೆಯಾಯಿತು. ನೀರು ಬಸಿದು ಹೋಗಲು ದಾರಿಯಿಲ್ಲದ ತಗ್ಗಿನಲ್ಲಿ ಅದೇ ನೀರು ನಿಂತು, ನೆಲದ ಉಪ್ಪು ಮೇಲಕ್ಕೆ ಬಂದು ಸವಳು-ಜವಳಾಯಿತು. ನೆಲ್ಲು ಬಾರದ ಅಂಥ ಎಷ್ಟೋ ಹೊಲಗಳಲ್ಲಿ ಈಗ ಮೀನಿನ ಹೊಂಡಗಳಿವೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎರಡು ಎಕರೆಯ ಹೊಂಡವನ್ನು ಲೀಜಿಗೆ ಹಿಡಿದು, ಹೆಂಡತಿಯ ಬಂಗಾರ ಅಡವಿಟ್ಟು, ಕಟ್ಲಾ, ರೋಹು ಮರಿ ಬಿಟ್ಟಿದ್ದ.

ಒಂದು ಮಧ್ಯಾಹ್ನ ಮೋಟಾರ್ ಸೈಕಲ್ಲಿನ ಹಿಂದೆ ಎರಡು ಚೀಲ ಸುಣ್ಣ ಕಟ್ಟಿಕೊಂಡು ನಮ್ಮ ಮನೆಯ ಮುಂದೆ ನಿಂತ. "ಅಕ್ಕೋರೆ, ಪಿ.ಎಚ್. ಒಂಬತ್ತೂವರಿ ಐತ್ರಿ. ಮುಂಜಾನಿ ಮೀನು ಮ್ಯಾಲ ಬಂದು ಬಾಯಿ ಬಾಯಿ ಬಿಡ್ತಾವು. ದಿನಾ ಹತ್ತಿಪ್ಪತ್ತು ಸಾಯಾಕ ಹತ್ಯಾವು. ಒಬ್ರು ಸುಣ್ಣ ಹಾಕು ಅಂತಾರ, ಇನ್ನೊಬ್ರು ಆ್ಯಸಿಡ್ ಸುರಿ ಅಂತಾರ." ಪಕ್ಕದ ಹೊಂಡದವನಿಗೆ ಹೋದ ವರ್ಷ ಒಂದೇ ರಾತ್ರಿಯಲ್ಲಿ ಮೀನೆಲ್ಲ ತೇಲಿದ್ದವು. ಅವನು ಆಮೇಲೆ ಊರು ಬಿಟ್ಟು ದುಡಿಯಲು ಹೋದವನು ಇನ್ನೂ ಬಂದಿರಲಿಲ್ಲ. ಇವನ ಮುಖದಲ್ಲಿ ಆ ಹೆದರಿಕೆ ಇತ್ತು.

ನಾನು ಕೇಳಿದ್ದು ಅದೇ ಪ್ರಶ್ನೆ. ಒಂಬತ್ತೂವರೆ ಅಳೆದದ್ದು ಮಧ್ಯಾಹ್ನ ಮೂರಕ್ಕೆ. ಮೀನು ಬಾಯಿ ಬಿಡುವುದು ಸೂರ್ಯ ಹುಟ್ಟುವ ಮುಂಚೆ. ಎರಡೂ ಒಂದೇ ಹೊತ್ತಿನವಲ್ಲ. ಚೀಲಗಳನ್ನು ಕಟ್ಟೆಯ ಮೇಲೆ ಇಳಿಸಿ, ಒಂದು ನೋಟ್‌ಬುಕ್ಕು ಕೊಟ್ಟು, ದಿನಕ್ಕೆ ನಾಲ್ಕು ಸಲ ಬರೆದುಕೊಂಡು ಬಾ ಎಂದೆ. ನಾಲ್ಕನೇ ದಿನ ತಂದ. ಮುಂಜಾನೆ ಐದೂವರೆಗೆ 7.9, ಹತ್ತಕ್ಕೆ 8.6, ಮೂರಕ್ಕೆ 9.6, ದೀಪ ಹಚ್ಚುವ ಹೊತ್ತಿಗೆ 9.3. ಹೊಂಡದ ನೀರು ಗಾಢ ಹಸಿರು. ಮೀನಿಗೆ ಆಹಾರವಾಗಲೆಂದು ಸಗಣಿ, ಗೊಬ್ಬರ ಹಾಕಿ ಬೆಳೆಸಿದ ಸೂಕ್ಷ್ಮ ಪಾಚಿ ಮಿತಿಮೀರಿತ್ತು. ಹಗಲು ಅದು ಇಂಗಾಲದ ಡೈಆಕ್ಸೈಡನ್ನು ಹೀರಿ ನೀರನ್ನು ಕ್ಷಾರ ಮಾಡುತ್ತದೆ. ರಾತ್ರಿ ಮೀನಿನ ಜೊತೆ ಪೈಪೋಟಿಗೆ ನಿಂತು ಆಮ್ಲಜನಕವನ್ನು ತಿಂದುಹಾಕುತ್ತದೆ.

ಹೀಗಾಗಿ ಅಪಾಯ ಎರಡು, ಎರಡು ಬೇರೆ ಗಂಟೆಗಳಲ್ಲಿ. ಮುಂಜಾನೆಯದು ಉಸಿರು ಕಟ್ಟುವುದು. ಮಧ್ಯಾಹ್ನದ್ದು ವಿಷ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಪಿ.ಎಚ್. 7 ಇದ್ದಾಗ ಬಹುಪಾಲು ನಿರುಪದ್ರವಿ. ವಿಷದ ರೂಪದಲ್ಲಿರುವುದು ನೂರಕ್ಕೆ ಒಂದು ಪಾಲೂ ಇಲ್ಲ. ಪಿ.ಎಚ್. 9 ಆದರೆ ನಮ್ಮ ಬಿಸಿಲಿನ ನೀರಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ವಿಷವಾಗಿ ಬದಲಾಗುತ್ತದೆ. ಮಧ್ಯಾಹ್ನದ ವಿಷಕ್ಕೆ ಸೋತ ಮೀನು ಮುಂಜಾನೆಯ ಉಸಿರುಗಟ್ಟುವಿಕೆಗೆ ಸಾಯುತ್ತಿತ್ತು.

ನೋಟ್‌ಬುಕ್ಕನ್ನೂ ಒಂದು ಬಾಟಲಿ ನೀರನ್ನೂ ಹಿಡಿದುಕೊಂಡು ಅವನು ಮೀನುಗಾರಿಕೆಯ ಅಧಿಕಾರಿಯೊಬ್ಬರ ಹತ್ತಿರ ಹೋದ. ಗಂಟೆಗಳಿದ್ದ ಹಾಳೆ ನೋಡಿ ಅವರು ಎರಡೇ ಪರೀಕ್ಷೆ ಮಾಡಿದರಂತೆ. ನೀರಿನ ಕ್ಷಾರೀಯತೆ ಲೀಟರಿಗೆ 240 ಮಿಲಿಗ್ರಾಂ, ಕ್ಯಾಲ್ಸಿಯಂ ಗಡಸುತನ ಬರೀ 40. ಸವಳು ನೆಲದ ಗುಣವೇ ಅದು. ಸೋಡಿಯಮ್ಮಿನ ಸೋಡಾ ಹೇರಳ, ಸುಣ್ಣದ ಅಂಶ ಕಡಿಮೆ. ಕ್ಯಾಲ್ಸಿಯಂ ಸಾಕಷ್ಟಿದ್ದ ನೀರಿನಲ್ಲಿ ಪಾಚಿ ಗಾಳಿ ಹೀರಿದಾಗ ಹಂಡೆಯ ತಳದಂತೆ ಬಿಳಿ ಕಲ್ಲು ಕಟ್ಟಿ, ಪಿ.ಎಚ್. ಏರುವುದಕ್ಕೆ ತಡೆ ಬೀಳುತ್ತದೆ. ಇಲ್ಲಿ ತಡೆಯುವುದಕ್ಕೆ ಏನೂ ಇರಲಿಲ್ಲ.

ಹಾಗಾದರೆ ಸುಣ್ಣವನ್ನೇ ಹಾಕಬಾರದೇಕೆ? ಸುಟ್ಟ ಸುಣ್ಣ ತಾನೇ ಕ್ಷಾರ, ಮೀನಿಗೆ ಸಾವು ಇನ್ನೂ ಬೇಗ ಬರುತ್ತಿತ್ತು. ಸುಣ್ಣದ ಕಲ್ಲಿನ ಪುಡಿ ಹಾಕಿದರೆ ಅಷ್ಟು ಕ್ಷಾರದ ನೀರಿನಲ್ಲಿ ಕರಗದೆ ತಳ ಸೇರುತ್ತಿತ್ತು. ಅದನ್ನು ಕರಗಿಸಲು ನನ್ನ ಅಕ್ಕನ ಮಗನ ಸಿಲಿಂಡರೇ ಬೇಕು! ಆ್ಯಸಿಡ್ ಸುರಿದರೆ ಒಂದು ದಿನ ಇಳಿದು, ಪಾಚಿ ಇರುವತನಕ ಮತ್ತೆ ಏರುತ್ತಿತ್ತು. ಅಧಿಕಾರಿ ಹೇಳಿದ್ದು ಜಿಪ್ಸಂ. ಸವಳು ಹೊಲಕ್ಕೆ ನಮ್ಮ ರೈತರು ಹಾಕುವ ಅದೇ ಜಿಪ್ಸಂ. ಅದು ಕ್ಯಾಲ್ಸಿಯಂ ಕೊಡುತ್ತದೆ, ಕ್ಷಾರವನ್ನು ಏರಿಸುವುದಿಲ್ಲ. ಲೆಕ್ಕವನ್ನು ನಾವಿಬ್ಬರೂ ನಮ್ಮ ಮನೆಯ ಜಗಲಿಯಲ್ಲಿ ಕೂತು ಹಾಕಿದೆವು. ಎರಡು ಎಕರೆ, ಐದು ಅಡಿ ನೀರೆಂದರೆ ಸುಮಾರು 1 ಕೋಟಿ 23 ಲಕ್ಷ ಲೀಟರು. ಗಡಸುತನ 50 ಮಿಲಿಗ್ರಾಂ ಏರಿಸಲು 50 ಕೆ.ಜಿ.ಯ ಸುಮಾರು 21 ಚೀಲ. ಒಮ್ಮೆಲೇ ಅಲ್ಲ, ಕಂತಿನಲ್ಲಿ. ಜೊತೆಗೆ ಸಗಣಿ, ಗೊಬ್ಬರ ಬಂದ್, ಮೇವು ಅರ್ಧ, ಕಾಲುವೆಯ ಸರದಿ ಬಂದಾಗ ಹೊಸ ನೀರು, ರಾತ್ರಿ ಎರಡರಿಂದ ಬೆಳಗಿನವರೆಗೆ ಪಂಪಿನಿಂದ ಹೊಂಡದ ನೀರನ್ನೇ ಎತ್ತಿ ಮೇಲಿನಿಂದ ಚಿಮ್ಮಿಸುವುದು.

ಮೂರು ವಾರದ ಮೇಲೆ ಮಧ್ಯಾಹ್ನದ ಅಂಕಿ 9ರ ಆಸುಪಾಸಿಗೆ ಇಳಿದಿತ್ತು. ನೀರಿನ ಹಸಿರು ತಿಳಿಯಾಗಿತ್ತು, ಮುಂಜಾನೆ ಮೀನು ಮೇಲೆ ಬರುವುದು ನಿಂತಿತ್ತು. ಸತ್ತ ಮೀನು ಸತ್ತವೇ. ಆ ವರ್ಷ ಲಾಭವೆಂದು ಹೇಳುವಷ್ಟು ಉಳಿಯಲಿಲ್ಲ. ಬಂಗಾರ ಮಾತ್ರ ಬಿಡಿಸಿಕೊಂಡ. ಊರು ಬಿಡಲಿಲ್ಲ. ಕಟ್ಟೆಯ ಮೇಲಿದ್ದ ಎರಡು ಚೀಲ ಸುಣ್ಣ ಉಗಾದಿಗೆ ಅವನ ಮನೆಯ ಗೋಡೆ ಸೇರಿತು.

ಇವೆರಡನ್ನೂ ಕಂಡ ಮೇಲೆ ನನಗೆ ಇನ್ನೊಂದು ನೋಟ್‌ಬುಕ್ಕಿನ ಅರ್ಥ ಸರಿಯಾಗಿ ಆಯಿತು. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಅಳೆದು ದಿನ, ಗಂಟೆ ಸಮೇತ ಬರೆದಿಡಲು ಶುರು ಮಾಡಿದರು. ಅವರ ಗೆರೆಯೂ ಪ್ರತಿವರ್ಷ ಏರುತ್ತದೆ, ಇಳಿಯುತ್ತದೆ. ಉತ್ತರದ ಕಾಡುಗಳು ಚಿಗುರಿದಾಗ ಇಳಿತ, ಎಲೆ ಉದುರಿ ಕೊಳೆತಾಗ ಏರಿಕೆ. ಅದು ಭೂಮಿಯ ಉಸಿರು. ಆದರೆ ಆ ಉಸಿರಿನಡಿಯ ನೆಲವೇ ಮೇಲಕ್ಕೆ ಸರಿಯುತ್ತಿದೆ. ಆಗ ಹತ್ತು ಲಕ್ಷಕ್ಕೆ ಸುಮಾರು 315 ಪಾಲು ಇದ್ದದ್ದು ಈಗ 420 ದಾಟಿದೆ. ಅದರಲ್ಲೊಂದು ಪಾಲು ಸಮುದ್ರಕ್ಕಿಳಿದು, ಕೈಗಾರಿಕೆಗಳು ಬರುವ ಮೊದಲು 8.2ರಷ್ಟಿದ್ದ ಸಮುದ್ರದ ಮೇಲ್ನೀರಿನ ಪಿ.ಎಚ್. 8.1ಕ್ಕೆ ಬಂದಿದೆ. ನನ್ನ ಅಕ್ಕನ ಮಗನ ತೊಟ್ಟಿಯಲ್ಲಿ ಅಷ್ಟು ಇಳಿತ ಒಂದು ರಾತ್ರಿಯ ಮಾತು, ಬೆಳಗಾದರೆ ಮರಳುತ್ತದೆ. ಸಮುದ್ರದ್ದು ಮರಳಿಲ್ಲ. ನಮ್ಮದೇ ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಅವಕ್ಕೆ ಕಿಟಕಿಯಿಂದ ಪೈಪು ಹಾಕಿ ಹೊರಗಿನ ಗಾಳಿ ಕೊಡಲು ಬರುವುದಿಲ್ಲ, ಹೊರಗಿನ ಗಾಳಿಯೇ ಅದು.

ನನ್ನ ಹಳೆಯ ವಿದ್ಯಾರ್ಥಿ ಈಗಲೂ ಬರೆಯುತ್ತಾನೆ, ಎರಡನೇ ನೋಟ್‌ಬುಕ್ಕು ನಡೆದಿದೆ. ಮೊದಮೊದಲು ಅಂಕಿ ಅರ್ಧ ಏರಿದರೂ ಫೋನು ಮಾಡುತ್ತಿದ್ದ. ಅವನಿಗೆ ಹೇಳಿದ್ದೇನೆ: "ದಿನಾ ಏರಿ ಇಳೀತೈತಿ ಅಂದ್ರ ಹೊಂಡ ಉಸುರಾಡ್ತೈತಿ ಅಂತ ತಿಳಕೊ. ತಿಂಗಳ ಕೊನಿಗೆ ಮುಂಜಾನಿ ಅಂಕಿ ಅಷ್ಟ ಬ್ಯಾರೆ ಬರದು ನೋಡು. ಅದು ತಿಂಗಳಿಂದ ತಿಂಗಳಿಗೆ ಒಂದ ಕಡೆ ಜಾರಾಕ ಹತ್ತಿದ್ರ ಆವಾಗ ಬಾ, ರಾತ್ರಿ ಇದ್ರೂ ಬಾ."